ಕಯನೈಟ್: ಎರಡು ಗಡಸುತನದ ನೀಲಿ ಹರಳು

ಮಳೆಗಾಲದ ನಾಲ್ಕು ತಿಂಗಳು ಅರಬ್ಬೀ ಸಮುದ್ರವು ಅಂಕೋಲೆಯ ದಡದ ಮರಳನ್ನು ಮಗುಚಿ ಹಾಕುತ್ತದೆ. ನವರಾತ್ರಿಯ ಹೊತ್ತಿಗೆ ಅಲೆಗಳು ಶಾಂತವಾದ ಮೇಲೆ ಕೇಣಿಯ ಕಡಲ ತಡಿಯಲ್ಲಿ ನಡೆದು ಹೋದರೆ ಚಿಪ್ಪು, ಹರಿದ ಬಲೆಯ ತುಂಡು, ತೆಂಗಿನ ಚಿಪ್ಪು, ನುಣುಪಾದ ಬಿಳಿಯ ಬೆಣಚುಕಲ್ಲು ಇವೆಲ್ಲವೂ ಸಾಲಾಗಿ ಬಿದ್ದಿರುವುದು ಕಾಣುತ್ತದೆ. ಹೀಗೆ ಬಿದ್ದಿದ್ದ ವಸ್ತುಗಳ ನಡುವೆ ಅಡಿಕೆಯ ಗಾತ್ರದ ಒಂದು ನೀಲಿ ಕಲ್ಲು ಆ ಊರಿನ ಹೈಸ್ಕೂಲು ವಿದ್ಯಾರ್ಥಿಯೊಬ್ಬನಿಗೆ ಸಿಕ್ಕಿತು. ಅವನು ಅದನ್ನು ನಮ್ಮಲ್ಲಿಗೆ ತಂದದ್ದು ಸಿಕ್ಕಿದ ಕೂಡಲೇ ಅಲ್ಲ, ಹದಿನೈದು ದಿನಗಳ ತರುವಾಯ. ಆ ಹದಿನೈದು ದಿನಗಳಲ್ಲಿ ಕಲ್ಲು ಅವನ ಮನೆಯಲ್ಲಿ ಸಾಕಷ್ಟು ಕೋಲಾಹಲವೆಬ್ಬಿಸಿತ್ತು.

ತಂದೆ ಮೀನುಗಾರರು, ದೋಣಿಯ ಯಂತ್ರಕ್ಕೆ ಮಾಡಿದ ಸಾಲ ತೀರಿರಲಿಲ್ಲ. ನೆಂಟರೊಬ್ಬರು ಕಲ್ಲನ್ನು ಬೆಳಕಿಗೆ ಹಿಡಿದು ನೋಡಿ, ಇದು ನವರತ್ನಗಳಲ್ಲಿ ಒಂದಾದ ನೀಲವೇ ಸರಿ, ಸಾಲವೆಲ್ಲ ತೀರಿ ಹೊಸ ದೋಣಿಯೂ ಬರುತ್ತದೆ ಎಂದರು. ಅಜ್ಜಿಯಾದರೋ, ನೀಲವು ಶನಿಯ ಕಲ್ಲು, ಎಲ್ಲರಿಗೂ ಒಗ್ಗುವುದಿಲ್ಲ, ಸಿಕ್ಕಿದ ಕಡಲಿಗೇ ಎಸೆದು ಬಾ ಎಂದು ಹಟ ಹಿಡಿದರು. ಪೇಟೆಯಲ್ಲಿ ಒಬ್ಬನು ಐದುನೂರು ರೂಪಾಯಿ ಕೊಡುತ್ತೇನೆಂದನಂತೆ. ಅದರಿಂದ ಅನುಮಾನ ಇನ್ನೂ ಹೆಚ್ಚಿತು. ಐದುನೂರು ಕೊಡುವವನಿದ್ದಾನೆಂದರೆ ಐದು ಲಕ್ಷದ ಕಲ್ಲಾಗಿರಬಹುದಲ್ಲವೇ?

“ಮಾಸ್ತರ್ರೇ, ಇದು ನೀಲ ಹೌದೋ ಅಲ್ಲವೋ, ಅಷ್ಟು ಹೇಳಿ ಸಾಕು” ಎಂದು ಹುಡುಗನು ಕಲ್ಲನ್ನು ಮೇಜಿನ ಮೇಲಿಟ್ಟನು.

ನಾವು ಅಷ್ಟನ್ನೇ ಹೇಳಿ ಕಳುಹಿಸಬಹುದಾಗಿತ್ತು. ಆದರೆ ಕಲ್ಲಿನ ಕುಲವನ್ನು ಹೇಳಬೇಕಾದದ್ದು ನಮ್ಮ ಬಾಯಲ್ಲ, ಕಲ್ಲೇ ಎಂದು ನಮಗೆ ತೋರಿತು. ಶಾಲೆಯ ಪ್ರಯೋಗಶಾಲೆಯ ತಕ್ಕಡಿ, ಒಂದು ಗಾಜಿನ ಬೀಕರು, ಒಂದು ಗೇಣು ದಾರ, ಒಂದು ಭೂತಗನ್ನಡಿ, ಇಷ್ಟಿದ್ದರೆ ಸಾಕು. ವಾಚಕರೂ ಈ ಪರೀಕ್ಷೆಗಳನ್ನು ಮಾಡಿ ನೋಡಬಹುದು.

ಮೊದಲು ತೂಕ. ಕಲ್ಲನ್ನು ದಾರದಿಂದ ಕಟ್ಟಿ ತೂಗಿದಾಗ ಗಾಳಿಯಲ್ಲಿ 9.0 ಗ್ರಾಮು ಬಂದಿತು. ತಟ್ಟೆಗೆ ತಗಲದಂತೆ ಅಡ್ಡಹಲಗೆಯೊಂದನ್ನಿಟ್ಟು, ಅದರ ಮೇಲೆ ನೀರು ತುಂಬಿದ ಬೀಕರನ್ನಿರಿಸಿ, ಕಲ್ಲು ನೀರಿನಲ್ಲಿ ಪೂರ್ತಿ ಮುಳುಗುವಂತೆ ತೂಗಿದಾಗ 5.4 ಗ್ರಾಮು ಬಂದಿತು. ನೀರಿನಲ್ಲಿ ಕಳೆದುಕೊಂಡ ತೂಕ 3.6 ಗ್ರಾಮು. ಆರ್ಕಿಮಿಡೀಸನ ನಿಯಮದಂತೆ ಅದೇ ಗಾತ್ರದ ನೀರಿನ ತೂಕವೂ ಅಷ್ಟೇ. 9.0ನ್ನು 3.6ರಿಂದ ಭಾಗಿಸಿದರೆ 2.5. ಎಂದರೆ ಈ ಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ ಎರಡೂವರೆ ಪಟ್ಟು ಭಾರವುಳ್ಳದ್ದು. ಇದನ್ನೇ ವಿಶಿಷ್ಟ ಗುರುತ್ವ ಎನ್ನುತ್ತೇವೆ.

ನೀಲದ ವಿಶಿಷ್ಟ ಗುರುತ್ವ 4.0. ನೀಲವು ಚಿಕ್ಕದಿರಲಿ ದೊಡ್ಡದಿರಲಿ, ಕಾಶ್ಮೀರದ್ದಾಗಲಿ ಸಿಂಹಳದ್ದಾಗಲಿ, ಈ ಸಂಖ್ಯೆಯಿಂದ ಹೆಚ್ಚು ಅತ್ತಿತ್ತ ಸರಿಯುವುದಿಲ್ಲ. ಅಲ್ಲಿಗೆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಆದರೆ 2.5 ಎಂಬುದು ಇನ್ನೊಂದು ಗೊಂದಲವನ್ನು ಉಳಿಸಿತ್ತು. ಅಯೊಲೈಟ್ ಎಂಬ ನೇರಿಳೆ ಛಾಯೆಯ ನೀಲಿ ರತ್ನವೊಂದುಂಟು. ಅದರ ಗುರುತ್ವ ಸುಮಾರು 2.6. ಶಾಲೆಯ ತಕ್ಕಡಿ ಅಷ್ಟು ಸೂಕ್ಷ್ಮ ವ್ಯತ್ಯಾಸವನ್ನು ನೆಚ್ಚುವಂತೆ ತೋರಿಸಲಾರದು. ಆದ್ದರಿಂದ ಕಲ್ಲನ್ನು ಬೆಳಕಿಗೆ ಹಿಡಿದು ತಿರುಗಿಸಿದೆವು. ಅಯೊಲೈಟ್ ಆಗಿದ್ದರೆ ಒಂದು ದಿಕ್ಕಿನಿಂದ ಗಾಢ ನೀಲಿಯಾಗಿಯೂ ಇನ್ನೊಂದು ದಿಕ್ಕಿನಿಂದ ಹೆಚ್ಚುಕಡಿಮೆ ಬಣ್ಣವಿಲ್ಲದಂತೆಯೋ ತೆಳು ಹಳದಿಯಾಗಿಯೋ ಕಾಣಬೇಕು. ಇದು ಎತ್ತ ತಿರುಗಿಸಿದರೂ ಒಂದೇ ನೀಲಿ. ಕೊನೆಗೆ ಕಲ್ಲನ್ನು ಒದ್ದೆ ಮಾಡಿ ಭೂತಗನ್ನಡಿಯಲ್ಲಿ ನೋಡಿದಾಗ ಒಳಗೆ ಮೂರು ಪುಟ್ಟ ಗುಂಡು ಗುಳ್ಳೆಗಳು ಕಂಡವು. ಕರಗಿದ ದ್ರವ್ಯವು ಬೇಗನೆ ತಣಿದು ಗಟ್ಟಿಯಾದಾಗ ಗಾಳಿಯು ಹೀಗೆ ದುಂಡಗೆ ಸಿಕ್ಕಿಕೊಳ್ಳುತ್ತದೆ. ಕಲ್ಲು ಗಾಜು. ಯಾವುದೋ ನೀಲಿ ಸೀಸೆಯ ತಳ. ಕಡಲು ಅದನ್ನು ವರ್ಷಗಟ್ಟಲೆ ಮರಳಿನಲ್ಲಿ ಉಜ್ಜಿ, ಅಂಚುಗಳನ್ನು ಸವೆಸಿ, ಮೈಗೆ ಮಂಜು ಕವಿದಂತಹ ಮಾಸಲು ಹೊಳಪನ್ನು ಕೊಟ್ಟಿತ್ತು.

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಅವನು ಅಳುವನೋ ಎಂದು ನಮಗೆ ಅಳುಕಾಯಿತು. ಆದರೆ ಅವನು ಕೇಳಿದ್ದು ಬೇರೆ: “ಹಾಗಾದರೆ ನಿಜವಾದ ನೀಲಿ ಕಲ್ಲು ನಮ್ಮ ಕಡೆ ಎಲ್ಲಿಯೂ ಸಿಗುವುದೇ ಇಲ್ಲವೇ?”

ಸಿಗುತ್ತದೆ. ಅಂಕೋಲೆಯಲ್ಲಲ್ಲ, ಕನ್ನಡನಾಡಿನ ದಕ್ಷಿಣದಲ್ಲಿ. ಅದರ ಹೆಸರು ಕಯನೈಟ್. ಗಾಢ ನೀಲಿ ಎಂಬರ್ಥದ ಗ್ರೀಕ್ ಮಾತಿನಿಂದ ಜರ್ಮನಿಯ ಖನಿಜಶಾಸ್ತ್ರಜ್ಞ ವೆರ್ನರ್ 1789ರಲ್ಲಿ ಇಟ್ಟ ಹೆಸರಿದು. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಣ ಪುರಾತನ ಪದರಶಿಲೆಗಳಲ್ಲಿ ಕೆಂಪು ಗಾರ್ನೆಟ್, ಕಂದು ಸ್ಟಾರೊಲೈಟ್ ಇವುಗಳ ಜೊತೆಯಲ್ಲಿ ಕಯನೈಟ್ ಕಾಣಬರುತ್ತದೆ. ಮೈಸೂರು ಜಿಲ್ಲೆಯಲ್ಲಿಯೂ ಉಂಟು. ಬಿಹಾರದಿಂದ ಬೇರ್ಪಟ್ಟ ಈಗಿನ ಝಾರ್ಖಂಡದ ಲಾಪ್ಸಾಬುರುವಿನಲ್ಲಿ ಅದರ ಪ್ರಸಿದ್ಧ ಗಣಿಗಳಿವೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಕಯನೈಟ್ ಅಪರೂಪದ ಖನಿಜವೇನೂ ಅಲ್ಲ, ಅಪರೂಪವಾದದ್ದು ರತ್ನವಾಗಬಲ್ಲ ಕಯನೈಟ್. ನಮ್ಮ ನಾಡಿನದು ಬಹುಮಟ್ಟಿಗೆ ಬಿರುಕು ತುಂಬಿದ, ಬೆಳಕು ಹಾಯದ, ಬೂದು ಬೆರೆತ ತೆಳುನೀಲಿ. ತಿಳಿನೀರಿನಂತೆ ಪಾರದರ್ಶಕವಾಗಿದ್ದು ನೀಲವನ್ನು ಹೋಲುವ ಕಯನೈಟ್ ನೇಪಾಳ, ಬ್ರೆಜಿಲ್, ಕೀನ್ಯ ಮುಂತಾದೆಡೆಗಳಿಂದ ಸ್ವಲ್ಪ ಸ್ವಲ್ಪವಾಗಿ ಪೇಟೆಗೆ ಬರುತ್ತದೆ.

ಈ ಹರಳಿನ ಅತಿ ವಿಚಿತ್ರ ಗುಣ ಅದರ ಕಾಠಿನ್ಯ. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗಿನ ಮೋಸ್ ಅಳತೆಯಲ್ಲಿ ಹೇಳುವುದು ವಾಡಿಕೆ: ಸುಣ್ಣದ ಹರಳಾದ ಕ್ಯಾಲ್ಸೈಟಿಗೆ 3, ಬೆಣಚುಕಲ್ಲಿಗೆ 7, ನೀಲಕ್ಕೆ 9, ವಜ್ರಕ್ಕೆ 10. ಉಕ್ಕಿನ ಚಾಕುವಿನ ಅಲಗು ಐದೂವರೆಯ ಆಸುಪಾಸಿನಲ್ಲಿದೆ. ಕಯನೈಟಿಗೆ ಎಷ್ಟು? ಒಂದು ಸಂಖ್ಯೆಯಲ್ಲಿ ಉತ್ತರ ಹೇಳಲಾಗುವುದಿಲ್ಲ. ಚಪ್ಪಟೆಯಾದ ಉದ್ದನೆಯ ಪಟ್ಟಿಯಂತೆ ಬೆಳೆಯುವ ಈ ಹರಳಿನ ಮೇಲೆ ಉದ್ದಕ್ಕೆ ಚಾಕುವಿನಿಂದ ಗೀಚಿದರೆ ಗೆರೆ ಬೀಳುತ್ತದೆ. ಅಲ್ಲಿ ಕಾಠಿನ್ಯ 4.5ರಿಂದ 5. ಅದೇ ಮುಖದ ಮೇಲೆ ಅಡ್ಡಲಾಗಿ ಗೀಚಿದರೆ ಚಾಕು ಜಾರುತ್ತದೆ, ಹರಳಿಗೆ ಏನೂ ಆಗುವುದಿಲ್ಲ. ಅಲ್ಲಿ ಕಾಠಿನ್ಯ 6.5ರಿಂದ 7. ದಿಕ್ಕಿಗೆ ತಕ್ಕಂತೆ ಗಡಸುತನ ಅಷ್ಟಿಷ್ಟು ಬದಲಾಗುವುದು ಬೇರೆ ಹರಳುಗಳಲ್ಲಿಯೂ ಉಂಟು. ಆದರೆ ಚಾಕುವೊಂದರಿಂದ ಬರಿಗಣ್ಣಿಗೆ ತೋರಿಸಬಹುದಾದಷ್ಟು ವ್ಯತ್ಯಾಸ ಬಹಳ ವಿರಳ. ಈ ಗುಣದಿಂದಲೇ ಫ್ರಾನ್ಸಿನ ಆಯ್ಯೂಯಿ ಎಂಬ ವಿದ್ವಾಂಸನು ಇದನ್ನು ಡಿಸ್ಥೀನ್, ಎಂದರೆ ಇಬ್ಬಗೆಯ ಬಲವುಳ್ಳದ್ದು, ಎಂದು ಕರೆದನು.

ಕಾರಣವು ಹರಳಿನ ಒಳಗಿನ ಕಟ್ಟಡದಲ್ಲಿದೆ. ಕಯನೈಟಿನ ರಾಸಾಯನಿಕ ದ್ರವ್ಯ ಬಹು ಸರಳ: ಎರಡು ಪಾಲು ಅಲ್ಯುಮಿನಿಯಂ, ಒಂದು ಪಾಲು ಸಿಲಿಕಾನ್, ಐದು ಪಾಲು ಆಮ್ಲಜನಕ. ಅಲ್ಯುಮಿನಿಯಂ ಪರಮಾಣುಗಳು ಆಮ್ಲಜನಕವನ್ನು ಸುತ್ತುಗಟ್ಟಿಕೊಂಡು ಹರಳಿನ ಉದ್ದಕ್ಕೆ ಸರಪಳಿಗಳಾಗಿ ಹರಿದಿರುತ್ತವೆ. ಸರಪಳಿಯ ಜೊತೆಜೊತೆಗೇ ಸಾಗುವ ಚಾಕು ಎರಡು ಸರಪಳಿಗಳ ನಡುವಣ ದುರ್ಬಲ ಸಂದಿಯಲ್ಲಿ ನುಗ್ಗುತ್ತದೆ. ಅಡ್ಡಲಾಗಿ ಬಂದ ಚಾಕು ಸರಪಳಿಗಳನ್ನೇ ಕಡಿಯಬೇಕಾಗುತ್ತದೆ. ಬಿದಿರನ್ನು ಸೀಳುವುದಕ್ಕೂ ಕಡಿಯುವುದಕ್ಕೂ ಇರುವ ಭೇದವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರತ್ನ ಕೊರೆಯುವವರು ಕಯನೈಟನ್ನು ಕಂಡರೆ ಮುಖ ಸಿಂಡರಿಸುವುದೂ ಇದೇ ಕಾರಣದಿಂದ. ಸಾಣೆಯ ಮೇಲೆ ಒಂದು ಮುಖ ಬೇಗ ಸವೆಯುತ್ತದೆ, ಇನ್ನೊಂದು ಸವೆಯಲೊಲ್ಲದು, ಮಧ್ಯೆ ಎಲ್ಲಿಯೋ ಹರಳು ಪದರಪದರವಾಗಿ ಬಿಟ್ಟುಕೊಳ್ಳುತ್ತದೆ. ಉಂಗುರಕ್ಕಿಂತ ಪದಕಕ್ಕೆ ಇದು ಹೆಚ್ಚು ತಕ್ಕದ್ದು.

ಬಣ್ಣದ ವಿಷಯಕ್ಕೆ ಬರೋಣ. ಶುದ್ಧ ಕಯನೈಟಿಗೆ ಬಣ್ಣವಿಲ್ಲ. ಶುದ್ಧ ಕುರಂದಕ್ಕೂ ಇಲ್ಲ. (ನೀಲ ಮತ್ತು ಮಾಣಿಕ್ಯ ಎರಡೂ ಕುರಂದವೇ. ಇಂಗ್ಲಿಷಿನ ಕೊರಂಡಮ್ ಎಂಬ ಹೆಸರು ನಮ್ಮ ದಕ್ಷಿಣ ದೇಶದ ಮಾತಿನಿಂದಲೇ ಹೋದದ್ದು. ಮೈಸೂರು ಸೀಮೆಯಲ್ಲಿ ಕುರಂದವೂ ದೊರೆಯುತ್ತದೆ, ಆದರೆ ಹೆಸರಾದದ್ದು ಅದರ ಕೆಂಪು.) ಎರಡಕ್ಕೂ ನೀಲಿಯನ್ನು ಕೊಡುವವು ಅಲ್ಯುಮಿನಿಯಂನ ಸ್ಥಾನದಲ್ಲಿ ನುಸುಳಿ ಕುಳಿತ ಅತ್ಯಲ್ಪ ಕಬ್ಬಿಣ ಮತ್ತು ಟೈಟೇನಿಯಂ. ಈ ಎರಡು ಧಾತುಗಳು ನೆರೆಹೊರೆಯಲ್ಲಿದ್ದಾಗ ಕಬ್ಬಿಣದಿಂದ ಎಲೆಕ್ಟ್ರಾನೊಂದು ಟೈಟೇನಿಯಂ ಕಡೆಗೆ ನೆಗೆಯುತ್ತದೆ. ನೆಗೆತಕ್ಕೆ ಬೇಕಾದ ಶಕ್ತಿಯನ್ನು ಅದು ಬೆಳಕಿನ ಹಳದಿ, ಕೆಂಪು ಭಾಗಗಳಿಂದ ಕಿತ್ತುಕೊಳ್ಳುತ್ತದೆ. ಉಳಿದ ನೀಲಿ ನಮ್ಮ ಕಣ್ಣಿಗೆ ಬರುತ್ತದೆ. ಕೃತಕ ಮಾಣಿಕ್ಯವನ್ನು ತಯಾರಿಸಿ ಹೆಸರಾದ ಫ್ರಾನ್ಸಿನ ವರ್ನೆಯಿ ಕೃತಕ ನೀಲಕ್ಕಾಗಿ ಮೊದಲು ಕೋಬಾಲ್ಟನ್ನು ಬೆರೆಸಿ ಸೋತನು. ಕೋಬಾಲ್ಟು ಗಾಜಿಗೆ ಸೊಗಸಾದ ನೀಲಿಯನ್ನು ಕೊಡುತ್ತದೆಯಾದರೂ ಅವನ ಕುರಂದಕ್ಕೆ ಹೊಂದಲಿಲ್ಲ. 1910ರ ಸುಮಾರಿಗೆ ಕಬ್ಬಿಣ ಮತ್ತು ಟೈಟೇನಿಯಂ ಆಕ್ಸೈಡುಗಳನ್ನು ಒಟ್ಟಿಗೆ ಬೆರೆಸಿದಾಗ ನೀಲ ಕೈಗೂಡಿತು.

ಇಲ್ಲಿ ಕೇಣಿಯ ಹುಡುಗನಿಗೆ ಇನ್ನೊಂದು ಮಾತನ್ನು ಹೇಳಿದೆವು. ಅಲೆಗಳು ಹಿಂದೆಗೆದ ಮೇಲೆ ದಡದ ಬಿಳಿ ಮರಳಿನ ಮೇಲೆ ತೆಳುವಾದ ಕಪ್ಪು ಗೆರೆಗಳು ಉಳಿಯುತ್ತವೆಯಷ್ಟೆ. ನಮ್ಮ ಪಶ್ಚಿಮ ಕರಾವಳಿಯ ಇಂತಹ ಕಪ್ಪು ಮರಳಿನಲ್ಲಿ ಮ್ಯಾಗ್ನೆಟೈಟ್, ಇಲ್ಮೆನೈಟ್ ಎಂಬ ಭಾರದ ಖನಿಜಗಳಿರುತ್ತವೆ. ಇಲ್ಮೆನೈಟ್ ಎಂದರೆ ಕಬ್ಬಿಣ, ಟೈಟೇನಿಯಂ, ಆಮ್ಲಜನಕಗಳ ಸಂಯೋಗ. ನೀಲಿಯನ್ನು ಹುಟ್ಟಿಸುವ ಅದೇ ಜೋಡಿ ಇಲ್ಲಿ ಒತ್ತೊತ್ತಾಗಿ ಸೇರಿ ಬೆಳಕನ್ನೆಲ್ಲ ನುಂಗಿ ಕಪ್ಪಾಗಿದೆ. ಅಲ್ಯುಮಿನಿಯಂಗೂ ಅಲ್ಲಿ ಬರವಿಲ್ಲ. ಆ ಸೀಮೆಯ ಮನೆಗಳ ಗೋಡೆಗೆ ಹಾಕುವ ಕೆಂಪು ಚಿರೇಕಲ್ಲಿನಲ್ಲಿ, ಗದ್ದೆಯ ಜೇಡಿಮಣ್ಣಿನಲ್ಲಿ ಅದು ಧಾರಾಳವಾಗಿದೆ. ಸಿಲಿಕಾನಿನ ಮಾತೇ ಬೇಡ. ಮರಳೆಲ್ಲವೂ ಅದರ ಆಕ್ಸೈಡೇ. ಕಯನೈಟಿಗೆ ಬೇಕಾದ ಸಾಮಗ್ರಿಗಳೆಲ್ಲವೂ ಕೇಣಿಯಲ್ಲಿವೆ. ಆದರೂ ಅಲ್ಲಿ ಕಯನೈಟ್ ಹುಟ್ಟಲಿಲ್ಲ. ಏಕೆ?

ಅಡಿಗೆಗೆ ಅಕ್ಕಿ ಬೇಳೆಗಳಿದ್ದರೆ ಸಾಲದು, ಒಲೆಯೂ ಬೇಕು. ಕಯನೈಟಿನ ಒಲೆ ಭೂಮಿಯ ಆಳದಲ್ಲಿದೆ, ಅದಕ್ಕೆ ಉರಿಗಿಂತ ಹೆಚ್ಚಾಗಿ ಅದುಮುವ ಭಾರ ಬೇಕು. ಮೇಲೆ ಹೇಳಿದ ಅದೇ ರಾಸಾಯನಿಕ ದ್ರವ್ಯವು ಪ್ರಕೃತಿಯಲ್ಲಿ ಮೂರು ರೂಪಗಳಲ್ಲಿ ಹರಳುಗಟ್ಟುತ್ತದೆ: ಆಂಡಲೂಸೈಟ್, ಸಿಲಿಮನೈಟ್, ಕಯನೈಟ್. ಒಡಲು ಒಂದೇ, ಹೊಂದಿಕೆ ಬೇರೆ. ಒತ್ತಡ ಕಡಮೆಯಿರುವಲ್ಲಿ ಆಂಡಲೂಸೈಟ್. ಕಾವು ಬಹಳ ಏರಿದಲ್ಲಿ ಸಿಲಿಮನೈಟ್. ಕಾವಿಗೆ ಹೋಲಿಸಿದರೆ ಒತ್ತಡವೇ ಮೇಲಾದಲ್ಲಿ ಕಯನೈಟ್. ಮೂರರ ಎಲ್ಲೆಗಳೂ ಕೂಡುವ ಬಿಂದುವು ಸುಮಾರು 500 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ, ನಮ್ಮ ವಾಯುಮಂಡಲದ ಒತ್ತಡದ ನಾಲ್ಕು ಸಾವಿರ ಪಟ್ಟಿಗೆ ಹತ್ತಿರದ ಒತ್ತಡದಲ್ಲಿದೆ. ಅಷ್ಟು ಒತ್ತಡವೆಂದರೆ ಹತ್ತು ಹದಿನೈದು ಕಿಲೋಮೀಟರು ದಪ್ಪದ ಬಂಡೆಯ ಹೊರೆ. ಒತ್ತಡವು ಪರಮಾಣುಗಳನ್ನು ಎಷ್ಟು ಒತ್ತಾಗಿ ಕೂರಿಸಿದೆಯೆಂಬುದು ತಕ್ಕಡಿಗೂ ತಿಳಿಯುತ್ತದೆ. ಆಂಡಲೂಸೈಟಿನ ವಿಶಿಷ್ಟ ಗುರುತ್ವ ಸುಮಾರು 3.15, ಕಯನೈಟಿನದು ಸುಮಾರು 3.6.

ಹೀಗಾಗಿ ಈ ಖನಿಜಗಳು ಭೂಗರ್ಭಶಾಸ್ತ್ರಜ್ಞರಿಗೆ ಉಷ್ಣಮಾಪಕ, ಭಾರಮಾಪಕಗಳಾಗಿ ಒದಗಿವೆ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ದುಡಿದ ಜಾರ್ಜ್ ಬ್ಯಾರೊ 1893ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದನು. ಒಂದೇ ಬಗೆಯ ಜೇಡಿಶಿಲೆಯ ಮೇಲೆ ನಡೆಯುತ್ತ ಹೋದರೆ ಮೊದಲು ಸ್ಟಾರೊಲೈಟ್, ಆಮೇಲೆ ಕಯನೈಟ್, ಆಮೇಲೆ ಸಿಲಿಮನೈಟ್ ಎಂದು ಖನಿಜಗಳು ಸರದಿಯಂತೆ ತೋರುತ್ತವೆ. ನಡೆಯುವವನು ಮೇಲುಮೇಲಿನ ನೆಲದಲ್ಲೇ ಇದ್ದರೂ, ಶಿಲೆಗಳ ಲೆಕ್ಕದಲ್ಲಿ ಆಳಕ್ಕೆ ಆಳಕ್ಕೆ ಇಳಿಯುತ್ತಿರುತ್ತಾನೆ.

ಕನ್ನಡನಾಡಿನಲ್ಲಿ ಅಂತಹ ನಡಿಗೆಯೊಂದು ಉತ್ತರದಿಂದ ದಕ್ಷಿಣಕ್ಕೆ ಇದೆ. ರಾಬರ್ಟ್ ಬ್ರೂಸ್ ಫುಟ್ ಎಂಬ ಭೂಗರ್ಭಶಾಸ್ತ್ರಜ್ಞನು ನಮ್ಮ ಪುರಾತನ ಪದರಶಿಲೆಗಳ ಸಮೂಹಕ್ಕೆ ಧಾರವಾಡದ ಹೆಸರನ್ನಿಟ್ಟದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1894ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯನ್ನು ಮೊದಲು ಕಟ್ಟಿದವನೂ ಅವನೇ. ಮುಂದೆ ಸಿ. ಎಸ್. ಪಿಚ್ಚಮುತ್ತು ಮೊದಲಾದವರು ಒಂದು ಮುಖ್ಯ ಸಂಗತಿಯನ್ನು ಎತ್ತಿ ತೋರಿಸಿದರು. ಉತ್ತರದಲ್ಲಿ ಈ ಶಿಲೆಗಳು ಕಡಮೆ ಬೆಂದಿವೆ; ಅಲ್ಲಿ ಕ್ಲೋರೈಟಿನಂತಹ ಹಸಿರು ಖನಿಜಗಳಿವೆ. ದಕ್ಷಿಣಕ್ಕೆ ಹೋದಂತೆಲ್ಲ ಬೇಯುವಿಕೆ ಏರುತ್ತ ಹೋಗಿ, ಮೈಸೂರಿನಿಂದಲೂ ಕೆಳಗೆ ಬಿಳಿಗಿರಿರಂಗನ ಬೆಟ್ಟದ ಕಡೆಗೆ ಚಾರ್ನೊಕೈಟ್ ಎಂಬ, ಅತ್ಯಂತ ಆಳದ ಕಾವನ್ನುಂಡ ಶಿಲೆಗಳು ಎದುರಾಗುತ್ತವೆ. ನಮ್ಮ ಪ್ರಸ್ಥಭೂಮಿಯ ತುಂಡೇ ಓರೆಯಾಗಿ ಎದ್ದಿದೆ. ದಕ್ಷಿಣದ ಅಂಚು ಹೆಚ್ಚಾಗಿ ಮೇಲೆದ್ದು ಹೆಚ್ಚಾಗಿ ಸವೆದುಹೋದುದರಿಂದ ಅಲ್ಲಿ ಆಳದ ಪದರಗಳು ಬಯಲಾಗಿವೆ. ಹೊಳೆನರಸೀಪುರ ಈ ನಡಿಗೆಯ ಮಧ್ಯದ ಮಜಲು. ಅಲ್ಲಿಯ ಶಿಲೆಗಳು ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನವು. ಒಂದು ಕಾಲಕ್ಕೆ ಕೆಸರಾಗಿ ನೀರಿನ ತಳದಲ್ಲಿ ಕೂತಿದ್ದ ಜೇಡಿ ಹೂತು, ಹತ್ತಾರು ಕಿಲೋಮೀಟರು ಇಳಿದು, ಕಯನೈಟ್ ಆಗಿ, ಮೇಲಣ ಬೆಟ್ಟಗಳೆಲ್ಲ ಸವೆದ ಮೇಲೆ ಮತ್ತೆ ಬಿಸಿಲು ಕಂಡಿದೆ. ಮೈಸೂರು ಸೀಮೆಯ ರೈತನು ನೇಗಿಲಿಗೆ ತಗಲಿತೆಂದು ಬದುವಿಗೆ ಎಸೆದ ನೀಲಿ ಪಟ್ಟಿಯ ಕಲ್ಲಿಗೆ ಇಷ್ಟು ದೊಡ್ಡ ಪ್ರಯಾಣವಾಗಿರುತ್ತದೆ.

ಕೇಣಿಯ ಮರಳಿಗೂ ಪ್ರಯಾಣವುಂಟು, ಆದರೆ ಅದರ ದಾರಿ ಬೇರೆ. ಅಂಕೋಲೆಯ ದಕ್ಷಿಣಕ್ಕೆ ಕಡಲನ್ನು ಸೇರುವ ಗಂಗಾವಳಿಯು ಧಾರವಾಡದ ಕಡೆಯಿಂದಲೇ ಹೊರಟು, ಬೇಡ್ತಿಯೆನಿಸಿಕೊಂಡು, ಮಾಗೋಡಿನಲ್ಲಿ ಧುಮುಕಿ, ಘಟ್ಟವಿಳಿದು ಬರುತ್ತದೆ. ಹಾದಿಯಲ್ಲಿ ಅದು ಕೊಚ್ಚಿ ತರುವುದು ಉತ್ತರದ ಆ ಕಡಮೆ ಬೆಂದ ಪದರಶಿಲೆಗಳ ಪುಡಿಯನ್ನು, ಗ್ರಾನೈಟ್ ನೈಸ್‌ಗಳ ಬೆಣಚನ್ನು. ಹೊಳೆನರಸೀಪುರದ ಕಲ್ಲುಗಳನ್ನು ತೊಳೆಯುವ ಹೇಮಾವತಿಯೋ ಕಾವೇರಿಯನ್ನು ಕೂಡಿ ಪೂರ್ವ ಸಮುದ್ರಕ್ಕೆ ಹೋಗುತ್ತದೆ. ನಮ್ಮ ನಾಡಿನ ಕಯನೈಟ್ ಒಂದು ಹರಳು ಹೊಳೆಯ ಪಾಲಾಗಿ ಹೊರಟರೂ ಕೇಣಿಗೆ ಬೆನ್ನು ತಿರುಗಿಸಿಯೇ ಹೊರಡುತ್ತದೆ.

ರತ್ನವಾಗದ ಕಯನೈಟಿಗೆ ಬೆಲೆಯಿಲ್ಲವೆಂದು ವಾಚಕರು ತಿಳಿಯಬಾರದು. 1300 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಅದು ಹಿಗ್ಗಿ ಮುಲ್ಲೈಟ್ ಎಂಬ ಇನ್ನೊಂದು ಖನಿಜವಾಗುತ್ತದೆ, ಸ್ವಲ್ಪ ಸಿಲಿಕವೂ ಉಳಿಯುತ್ತದೆ. ಮುಲ್ಲೈಟ್ ಉಗ್ರ ಕಾವಿಗೂ ಬಗ್ಗದು, ಕಾವು ಥಟ್ಟನೆ ಇಳಿದರೂ ಒಡೆಯದು. ಉಕ್ಕಿನ ಕುಲುಮೆಗಳ ಒಳಗೋಡೆಯ ಇಟ್ಟಿಗೆಗೆ ಕಯನೈಟ್ ಬೇಕಾಗಿರುವುದು, ಹಿಂದೆ ಮೋಟಾರಿನ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿಗೂ ಬೇಕಾಗಿದ್ದುದು ಇದರಿಂದಲೇ. 

ನೀಲವೆಂದು ಭ್ರಮಿಸಿ ಮೋಸಹೋದವರು ಕೇಣಿಯಲ್ಲಿ ಮಾತ್ರ ಇಲ್ಲ. 1907ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯ ಪ್ರಾಂತದ ಸ್ಯಾನ್ ಬೆನಿಟೊ ಎಂಬಲ್ಲಿ ಬೆಟ್ಟದ ಮೇಲೆ ಲೋಹದ ಅದಿರನ್ನು ಹುಡುಕುತ್ತಿದ್ದವರಿಗೆ ಹೊಳೆಯುವ ನೀಲಿ ಹರಳುಗಳು ದೊರೆತವು. ನೀಲವೆಂದೇ ಕೆಲವರು ನಂಬಿದರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲೌಡರ್‌ಬ್ಯಾಕ್ ಪರೀಕ್ಷಿಸಿ, ಇದು ಬೇರಿಯಂ, ಟೈಟೇನಿಯಂ, ಸಿಲಿಕಾನುಗಳು ಕೂಡಿದ, ಅದುವರೆಗೆ ಯಾರೂ ಕಾಣದ ಖನಿಜವೆಂದು ತೋರಿಸಿ ಬೆನಿಟೊಯೈಟ್ ಎಂದು ಹೆಸರಿಟ್ಟನು. ಕಾಠಿನ್ಯ ಆರರಿಂದ ಆರೂವರೆ; ವಜ್ರದಂತೆ ಬೆಳಕನ್ನು ಬಣ್ಣಬಣ್ಣವಾಗಿ ಒಡೆಯುವ ಗುಣ; ಅತಿನೇರಿಳೆ ಕಿರಣ ಬಿದ್ದರೆ ಕತ್ತಲೆಯಲ್ಲಿ ನೀಲಿಯಾಗಿ ಉರಿಯುತ್ತದೆ. ಬೇರೆ ಕೆಲವು ಕಡೆಗಳಲ್ಲಿ ಅದರ ಚೂರುಗಳು ಸಿಕ್ಕಿವೆಯಾದರೂ ರತ್ನಕ್ಕೆ ತಕ್ಕ ಬೆನಿಟೊಯೈಟಿಗೆ ಆ ಒಂದು ಬೆಟ್ಟದ ಸೀಮೆಯೇ ಹೆಸರಾಗಿದೆ. 1985ರಲ್ಲಿ ಅದು ಆ ಪ್ರಾಂತದ ಅಧಿಕೃತ ರತ್ನವಾಯಿತು. ನೀಲವಲ್ಲವೆಂದು ಕಂಡುಬಂದ ಕಲ್ಲು ನೀಲಕ್ಕಿಂತಲೂ ವಿರಳವಾದದ್ದಾಗಿತ್ತು! ಅದರ ವಿಶಿಷ್ಟ ಗುರುತ್ವ 3.65, ಕಯನೈಟಿನದರ ಪಕ್ಕದಲ್ಲಿಯೇ ಇದೆ. ತಕ್ಕಡಿಯೊಂದನ್ನೇ ನಂಬಿದವರು ಇಲ್ಲಿ ಎಡವುತ್ತಾರೆ.

ಒಂದು ಎಚ್ಚರಿಕೆ. ಗೀಚುವ ಪರೀಕ್ಷೆಯನ್ನು ಒರಟು ಕಲ್ಲಿನ ಮೇಲೆ ಮಾತ್ರ ಮಾಡಬೇಕು. ಮನೆಯಲ್ಲಿ ಹಿರಿಯರ ಉಂಗುರದ ಮೇಲೆ ಚಾಕುವನ್ನಾಡಿಸಿದರೆ ಆಗುವ ಪರಿಣಾಮಕ್ಕೆ ನಾವು ಹೊಣೆಯಲ್ಲ. ಕೃತಕ ನೀಲವನ್ನು ಈ ಪರೀಕ್ಷೆಗಳಿಂದ ಪತ್ತೆಮಾಡಲಾಗದು. ಅದರ ಗುರುತ್ವ, ಕಾಠಿನ್ಯಗಳೆರಡೂ ನಿಜವಾದ ನೀಲದವೇ. ಸೂಕ್ಷ್ಮದರ್ಶಕದಲ್ಲಿ ಅದರೊಳಗಿನ ಬಾಗಿದ ಬೆಳವಣಿಗೆಯ ಗೆರೆಗಳನ್ನು ನೋಡಿ ರತ್ನಪರೀಕ್ಷಕರು ಹೇಳಬೇಕು. ಸೀಸ ಬೆರೆತ ಗಾಜು ಭಾರವಾಗಿರುವುದೂ ಉಂಟು.

ಎರಡು ತಿಂಗಳ ಮೇಲೆ ಸ್ನೇಹಿತರೊಬ್ಬರ ಸಂಗ್ರಹದಿಂದ ಹೊಳೆನರಸೀಪುರ ಸೀಮೆಯ ಕಯನೈಟಿನ ತುಂಡೊಂದು ನಮಗೆ ಸಿಕ್ಕಿತು. ಬೆರಳಿನುದ್ದ, ಮಾಸಲು ನೀಲಿ, ಮುತ್ತಿನ ಹೊಳಪು. ಹುಡುಗನನ್ನು ಕರೆಸಿ ಕೈಗೆ ಕೊಟ್ಟೆವು. ಅವನು ಚಾಕುವಿನಿಂದ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಗೀಚಿ, ಮತ್ತೆ ಉದ್ದಕ್ಕೆ ಗೀಚಿ, “ಒಂದೇ ಕಲ್ಲಲ್ಲವೇ, ಮಾಸ್ತರ್ರೇ?” ಎಂದು ನಕ್ಕನು. ಅಜ್ಜಿ ಹೇಗಿದ್ದಾರೆಂದು ಕೇಳಿದೆವು. ಗಾಜೆಂದು ತಿಳಿದ ಮೇಲೆ ಅಜ್ಜಿಯೇ ಅದನ್ನು ದೇವರ ಕೋಣೆಯ ಕಿಟಕಿಯಲ್ಲಿ ಬೆಳಕು ಬೀಳುವಂತೆ ಇಟ್ಟುಕೊಂಡಿದ್ದಾರಂತೆ. ದೋಣಿಯ ಸಾಲ ಇನ್ನೂ ಇದೆಯಂತೆ. ಆಮೇಲೆ ಅವನೇ ತಕ್ಕಡಿಯನ್ನು ಹೂಡಿದನು. ಗಾಳಿಯಲ್ಲಿ 18.0 ಗ್ರಾಮು, ನೀರಿನಲ್ಲಿ 13.0. ಭಾಗಾಕಾರವನ್ನು ಅಂಗೈಯ ಮೇಲೆ ಪೆನ್ನಿನಿಂದ ಮಾಡಿ ನಮಗೆ ತೋರಿಸಿದನು: 3.6.